ಗಾಜುನಾರಿನ ತೊಟ್ಟಿಯಲ್ಲಿ ಮೀನುಮರಿ



ಮುಂಗಾರಿನ ಮಳೆ ಸುರಿದು ಕೆರೆಗೆ ಹೊಸ ನೀರು ಬಂದ ಮೇಲೆ ಮೀನು ಸಾಕುವ ರೈತನಿಗೆ ಕಾಯಲು ಹೆಚ್ಚು ದಿನಗಳಿರುವುದಿಲ್ಲ. ಹೊಲದಲ್ಲಿ ಹದವಿದ್ದಾಗಲೇ ಬೀಜ ಬೀಳಬೇಕು. ಅದರಂತೆ ಕೆರೆಗೂ ಸಕಾಲದಲ್ಲಿ ಮರಿ ಬೀಳಬೇಕು. ವರ್ಷದಲ್ಲಿ ಏಳೆಂಟು ತಿಂಗಳು ಮಾತ್ರ ನೀರು ನಿಲ್ಲುವ ಕೆರೆಯಲ್ಲಿ ಬಿತ್ತನೆ ಒಂದು ತಿಂಗಳು ತಡವಾದರೆ, ಕಳೆದುಹೋದ ಆ ತಿಂಗಳ ಬೆಳವಣಿಗೆಯನ್ನು ಯಾವ ಮೇವಿನಿಂದಲೂ ಮರಳಿ ಪಡೆಯಲಾಗದು. ನೂರಾರು ಕಿಲೋಮೀಟರ್ ದೂರದಿಂದ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬಂದ ಮರಿಗಳಲ್ಲಿ ಒಂದು ಪಾಲು ದಾರಿಯಲ್ಲೇ ಸಾಯುತ್ತದೆ. ಉಳಿದವು ಯಾವ ಜಾತಿಯವೆಂಬುದು ಅವು ಬೆಳೆದ ಮೇಲೆಯೇ ತಿಳಿಯುತ್ತದೆ. ಮೀನು ಕೃಷಿಯ ಲಾಭನಷ್ಟಗಳು ಬಹುಮಟ್ಟಿಗೆ ಈ ಮೊದಲ ಹೆಜ್ಜೆಯಲ್ಲಿಯೇ ನಿರ್ಧಾರವಾಗುತ್ತವೆ. ಆದ್ದರಿಂದ ಊರಿನ ಸಮೀಪದಲ್ಲಿಯೇ, ಬೇಕಾದ ಕಾಲದಲ್ಲಿ, ಬೇಕಾದ ಜಾತಿಯ ಮರಿಯನ್ನು ಪಡೆಯಲು ಸಾಧ್ಯವೇ ಎಂಬುದು ಬಹುಕಾಲದಿಂದ ಕೇಳಿಬಂದ ಪ್ರಶ್ನೆ. ಆ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಒಂದು, ಫೈಬರ್‌ಗ್ಲಾಸ್ ಎಂದು ಎಲ್ಲರೂ ಕರೆಯುವ ಗಾಜುನಾರಿನ ತೊಟ್ಟಿ.

ಕಾಟ್ಲಾ, ರೋಹು ಮತ್ತು ಮೃಗಾಲ ಎಂಬ ಭಾರತದ ಮೂರು ಪ್ರಮುಖ ಗೆಂಡೆ ಮೀನುಗಳು ಸ್ವಭಾವತಃ ನದಿಯಲ್ಲಿ, ಮಳೆಗಾಲದ ಹರಿವಿನಲ್ಲಿ ಮೊಟ್ಟೆಯಿಡುವಂಥವು. ಕೆರೆಕೊಳಗಳ ನಿಂತ ನೀರಿನಲ್ಲಿ ಅವು ಬೆಳೆಯುತ್ತವೆ, ಪ್ರಬುದ್ಧವೂ ಆಗುತ್ತವೆ. ಆದರೆ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಹೀಗಾಗಿ ಹಿಂದೆ ನದಿಗಳಲ್ಲಿ ಬಲೆಯೊಡ್ಡಿ ಮರಿಗಳನ್ನು ಸಂಗ್ರಹಿಸುವುದೊಂದೇ ಮಾರ್ಗವಾಗಿತ್ತು. ಆ ಮರಿಗಳೊಡನೆ ಬೇಡದ ಮೀನುಗಳ ಮರಿಗಳೂ ಬೆರೆತು ಬರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಮೀನಿನ ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳನ್ನು ಪ್ರಚೋದಿಸಿ, ಅವು ಮೊಟ್ಟೆಯಿಡುವಂತೆ ಮಾಡುವಲ್ಲಿ ಯಶಸ್ವಿಯಾದರು. ಆ ಸಾಧನೆಯ ಸ್ಮರಣೆಗಾಗಿಯೇ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವನ್ನಾಗಿ ಆಚರಿಸಲಾಗುತ್ತಿದೆ.

ಮೊಟ್ಟೆಯಿಡಿಸುವ ವಿದ್ಯೆ ಕೈವಶವಾದರೂ ಮೊಟ್ಟೆಗಳನ್ನು ಕಾಪಾಡುವ ಸಮಸ್ಯೆ ಉಳಿಯಿತು. ಕೊಳದ ನೀರಿನಲ್ಲಿ ಬಟ್ಟೆಯ ತೊಟ್ಟಿಲುಗಳನ್ನು ಕಟ್ಟಿ ಮರಿ ಮಾಡಿಸುವ ಪದ್ಧತಿಯಲ್ಲಿ ಬಿಸಿಲು, ಕೆಸರು ಮತ್ತು ಗಾಳಿಮಳೆಗಳಿಂದ ಅಪಾರ ನಷ್ಟವಾಗುತ್ತಿತ್ತು. ಅನಂತರ ಚೀನಾದೇಶದ ಮಾದರಿಯ ವೃತ್ತಾಕಾರದ ಸಿಮೆಂಟು ತೊಟ್ಟಿಗಳು ಬಳಕೆಗೆ ಬಂದವು. ನೀರು ಸದಾ ಸುತ್ತುತ್ತಿರುವ ಈ ತೊಟ್ಟಿಗಳಲ್ಲಿ ಮರಿಗಳು ಕೋಟಿಗಟ್ಟಲೆ ದೊರೆತವು. ಆದರೆ ಇಂಥ ಕೇಂದ್ರವನ್ನು ಕಟ್ಟಲು ಸ್ವಂತ ಜಮೀನು, ನುರಿತ ಗಾರೆಯವರು ಮತ್ತು ದೊಡ್ಡ ಬಂಡವಾಳ ಬೇಕು. ಒಮ್ಮೆ ಕಟ್ಟಿದ್ದನ್ನು ಬೇರೆಡೆಗೆ ಒಯ್ಯಲಾಗದು. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ನೀರಿಗಿಳಿದು ಕ್ಷಾರಗುಣ ಏರುವುದರಿಂದ, ಪದೇ ಪದೇ ನೀರು ತುಂಬಿ ಖಾಲಿ ಮಾಡಿ, ವಾರಗಟ್ಟಲೆ ಕಾದ ಮೇಲಲ್ಲದೆ ಮೀನು ಬಿಡುವಂತಿಲ್ಲ. ಎರಡು ಎಕರೆಯ ರೈತನಿಗಾಗಲಿ, ಗುತ್ತಿಗೆಯ ಕೆರೆಯನ್ನು ನಂಬಿದ ಸಹಕಾರ ಸಂಘಕ್ಕಾಗಲಿ ಇದು ಎಟುಕುವ ಮಾತಾಗಿರಲಿಲ್ಲ.

ಈ ಕೊರತೆಯನ್ನು ತುಂಬಲು ಭುವನೇಶ್ವರದ ಸಮೀಪ ಕೌಸಲ್ಯಾಗಂಗದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು, ಕೃಷಿಯಲ್ಲಿ ಪ್ಲಾಸ್ಟಿಕ್ ಬಳಕೆಗೆ ಸಂಬಂಧಿಸಿದ ಅಖಿಲ ಭಾರತ ಸಮನ್ವಿತ ಸಂಶೋಧನಾ ಯೋಜನೆಯ ಅಡಿಯಲ್ಲಿ, ಗಾಜುನಾರಿನ ಗೆಂಡೆ ಮರಿ ಉತ್ಪಾದನಾ ಘಟಕವೊಂದನ್ನು ರೂಪಿಸಿತು. ಬೇಕಾದೆಡೆಗೆ ವಾಹನದಲ್ಲಿ ಸಾಗಿಸಿ ಜೋಡಿಸಬಹುದಾದ ಘಟಕವಿದು.

ಗಾಜುನಾರು ಎಂದರೇನು? ಕರಗಿದ ಗಾಜನ್ನು ಕೂದಲಿಗಿಂತಲೂ ತೆಳ್ಳನೆಯ ಎಳೆಗಳಾಗಿ ಎಳೆದು ಚಾಪೆಯಂತೆ ಹಾಸಲಾಗುತ್ತದೆ. ಅಚ್ಚಿನ ಮೇಲೆ ಮೊದಲು ನುಣುಪಾದ ಹೊರಲೇಪವನ್ನು ಬಳಿದು, ಅನಂತರ ಈ ಚಾಪೆಗಳನ್ನು ಪದರಪದರವಾಗಿ ಹರಡಿ, ಪಾಲಿಯೆಸ್ಟರ್ ರಾಳದಲ್ಲಿ ನೆನೆಸಲಾಗುತ್ತದೆ. ಗಟ್ಟಿಗೊಳಿಸುವ ರಾಸಾಯನಿಕ ಸೇರಿದ ರಾಳವು ಹೆಪ್ಪುಗಟ್ಟಿದಾಗ ನಾರು ಬಲವನ್ನೂ ರಾಳವು ಆಕಾರವನ್ನೂ ಕೊಡುತ್ತವೆ. ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತಿದ್ದ ಹಿರಿಯರ ಜಾಣ್ಮೆಯೂ ಇದೇ ತತ್ತ್ವದ್ದು. ಹೀಗೆ ಸಿದ್ಧವಾದ ವಸ್ತು ತುಕ್ಕು ಹಿಡಿಯದು, ಗೆದ್ದಲಿಗೆ ಆಹಾರವಾಗದು, ಕಾಂಕ್ರೀಟಿಗಿಂತ ಬಹಳ ಹಗುರ. ಕರಾವಳಿಯ ಮೀನುಗಾರರಿಗೆ ಇದರ ಪರಿಚಯ ಹೊಸದಲ್ಲ; ಮರದ ಎಷ್ಟೋ ದೋಣಿಗಳ ಸ್ಥಾನವನ್ನು ಫೈಬರ್ ದೋಣಿಗಳು ಆಗಲೇ ಪಡೆದಿವೆ.

ಘಟಕದಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಮೊದಲನೆಯದು ಮೊಟ್ಟೆಯಿಡುವ ತೊಟ್ಟಿ. ಇದರ ವ್ಯಾಸ 2.15 ಮೀಟರ್, ಎತ್ತರ 0.9 ಮೀಟರ್; ಸುಮಾರು 3,400 ಲೀಟರ್ ನೀರು ಹಿಡಿಯುತ್ತದೆ. ಎರಡನೆಯದು ಮೊಟ್ಟೆಯೊಡೆಯುವ ತೊಟ್ಟಿ. 1.4 ಮೀಟರ್ ವ್ಯಾಸದ ಇದರಲ್ಲಿ ಸುಮಾರು 1,400 ಲೀಟರ್ ನೀರು ನಿಲ್ಲುತ್ತದೆ. ಮೂರನೆಯದು ಮೊಟ್ಟೆ ಹಾಗೂ ಮರಿಗಳನ್ನು ಸಂಗ್ರಹಿಸುವ ಚಿಕ್ಕ ಆಯತಾಕಾರದ ತೊಟ್ಟಿ. ಇವುಗಳಿಗೆ ನೀರು ಹರಿಸಲು ಎತ್ತರದಲ್ಲೊಂದು ಮೇಲ್ತೊಟ್ಟಿ ಬೇಕಾಗುತ್ತದೆ.

ಸಂಜೆಯ ವೇಳೆಗೆ ಪ್ರಬುದ್ಧ ಗಂಡು ಹೆಣ್ಣು ಮೀನುಗಳಿಗೆ ಪ್ರಚೋದಕ ಚುಚ್ಚುಮದ್ದು ಕೊಟ್ಟು ಮೊದಲ ತೊಟ್ಟಿಗೆ ಬಿಡಲಾಗುತ್ತದೆ. ಓರೆಯಾಗಿ ಜೋಡಿಸಿದ ನಳಿಕೆಗಳಿಂದ ನುಗ್ಗುವ ನೀರು ಸುತ್ತತೊಡಗುತ್ತದೆ. ಮೇಲಿನಿಂದ ತುಂತುರು ಬೀಳುತ್ತದೆ. ನದಿಯ ಹರಿವು ಮತ್ತು ಮಳೆಯ ಹನಿಗಳೆರಡನ್ನೂ ಮೀನು ಅಲ್ಲಿಯೇ ಅನುಭವಿಸುತ್ತದೆ. ಬೆಳಗಾಗುವುದರೊಳಗೆ ಅದು ಮೊಟ್ಟೆಯಿಡುತ್ತದೆ. ನೀರು ಹೀರಿ ಉಬ್ಬಿದ, ಮಣಿಗಳಂತೆ ಪಾರದರ್ಶಕವಾದ ಮೊಟ್ಟೆಗಳನ್ನು ಎರಡನೆಯ ತೊಟ್ಟಿಗೆ ವರ್ಗಾಯಿಸಲಾಗುತ್ತದೆ. ಅಲ್ಲಿ ತಳದ ನಳಿಕೆಗಳಿಂದ ಏಳುವ ಮೃದುವಾದ ಸುತ್ತುಹರಿವು ಮೊಟ್ಟೆಗಳನ್ನು ತೇಲಿಸಿ ಇಡುತ್ತದೆ. ಬಲೆಯ ಪರದೆ ಅವು ಹೊರಹೋಗದಂತೆ ತಡೆಯುತ್ತದೆ. 27ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹದಿನಾಲ್ಕರಿಂದ ಹದಿನೆಂಟು ಗಂಟೆಗಳಲ್ಲಿ ಮೊಟ್ಟೆಗಳೊಡೆಯುತ್ತವೆ. ಹೊಟ್ಟೆಯಡಿಯ ಹಳದಿ ಚೀಲದ ಆಹಾರ ಮುಗಿಯುವವರೆಗೆ, ಅಂದರೆ ಸುಮಾರು ಮೂರು ದಿನ, ಮರಿಗಳು ಅಲ್ಲಿಯೇ ಇದ್ದು ಅನಂತರ ಪಾಲನಾ ಕೊಳಕ್ಕೆ ಹೋಗುತ್ತವೆ.

ಒಂದು ಸರದಿಯಲ್ಲಿ ಈ ಘಟಕದಿಂದ ಸುಮಾರು ಹತ್ತು ಲಕ್ಷ ಮರಿಗಳನ್ನು ಪಡೆಯಬಹುದು. ಇದರ ಅರ್ಥವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಹತ್ತು ಲಕ್ಷದಲ್ಲಿ ಮೂರು ಲಕ್ಷ ಮರಿಗಳು ಪಾಲನಾ ಕೊಳದಲ್ಲಿ ಉಳಿದವು, ಅವುಗಳಲ್ಲಿ ಎರಡು ಲಕ್ಷ ಬೆರಳುದ್ದಕ್ಕೆ ಬೆಳೆದವು ಎಂದಿಟ್ಟುಕೊಳ್ಳೋಣ. ಹೆಕ್ಟೇರಿಗೆ ಐದು ಸಾವಿರದಂತೆ ಬಿತ್ತಿದರೆ ಅವು ನಲವತ್ತು ಹೆಕ್ಟೇರ್ ನೀರಿಗೆ ಸಾಕು. ಒಂದೇ ಸರದಿ ಹಲವು ಹಳ್ಳಿಗಳ ಅಗತ್ಯವನ್ನು ಪೂರೈಸಿದಂತಾಯಿತು. ಆದ್ದರಿಂದ ಪ್ರತಿ ರೈತನೂ ಘಟಕವನ್ನು ಕೊಳ್ಳಬೇಕಾಗಿಲ್ಲ; ಒಂದು ಸಂಘವೋ ಒಂದು ಸ್ತ್ರೀಶಕ್ತಿ ಗುಂಪೋ ಅದನ್ನು ನಡೆಸಿ ಸುತ್ತಲಿನವರಿಗೆ ಮರಿ ಮಾರುವುದು ಹೆಚ್ಚು ವಿವೇಕದ ದಾರಿ.

ಹಾಗೆಂದು ಗಾಜುನಾರನ್ನು ದೋಷರಹಿತವೆಂದು ಭಾವಿಸುವುದು ತಪ್ಪಾದೀತು. ತೊಟ್ಟಿ ಹಗುರವೆಂಬುದು ಅದು ಖಾಲಿಯಿರುವಾಗಿನ ಮಾತು. ತುಂಬಿದ ಮೊದಲ ತೊಟ್ಟಿಯಲ್ಲಿ ನೀರೊಂದೇ ಮೂರೂವರೆ ಟನ್ನಿನ ಹತ್ತಿರ ತೂಗುತ್ತದೆ. ನೆಲ ಒಂದು ಕಡೆ ಕುಸಿದರೆ ಗೋಡೆ ಬಿರುಕು ಬಿಡುತ್ತದೆ. ಆದ್ದರಿಂದ ಸಮತಟ್ಟಾದ, ಗಟ್ಟಿಯಾದ ಜಗಲಿ ಅವಶ್ಯ. ವರ್ಷಗಟ್ಟಲೆ ಸುಡುಬಿಸಿಲಿಗೆ ಒಡ್ಡಿದರೆ ಹೊರಲೇಪ ಮಾಸಿ, ಪುಡಿಪುಡಿಯಾಗಿ, ಒಳಗಿನ ಎಳೆಗಳು ಹೊರಚಾಚುತ್ತವೆ. ಮೇಲೊಂದು ಚಪ್ಪರವಿದ್ದರೆ ತೊಟ್ಟಿಗೂ ಮರಿಗೂ ಒಳ್ಳೆಯದು. ಹೊಸ ತೊಟ್ಟಿಯಲ್ಲಿ ರಾಳದ ಘಾಟು ವಾಸನೆಯಿದ್ದರೆ ಅದು ಹೋಗುವವರೆಗೆ ನೀರು ತುಂಬಿ ಬದಲಿಸುತ್ತಿರಬೇಕು. ಕೊಳ್ಳುವಾಗ ಒಳಮೈಯನ್ನು ಕೈಯಿಂದ ಸವರಿ ನೋಡುವುದು ಮೇಲು: ಗುಳ್ಳೆಗಳಾಗಲಿ ಚುಚ್ಚುವ ನಾರುಗಳಾಗಲಿ ಇರಬಾರದು. ಒಂದು ದಿನ ನೀರು ನಿಲ್ಲಿಸಿ ಸೋರಿಕೆಯನ್ನು ಪರೀಕ್ಷಿಸಬೇಕು. ಕೊಳವೆಗಾಗಿ ರಂಧ್ರ ಕೊರೆಯಬೇಕಾದಲ್ಲಿ, ಕತ್ತರಿಸಿದ ಅಂಚಿಗೆ ರಾಳವನ್ನು ಹಚ್ಚಿ ಮುಚ್ಚಬೇಕು. ಗಾಜಿನ ಧೂಳು ಕಣ್ಣಿಗೂ ಶ್ವಾಸಕೋಶಕ್ಕೂ ಕೇಡು ಮಾಡುವುದರಿಂದ ಕೆಲಸಗಾರರು ಮುಖಕ್ಕೆ ಮುಸುಕನ್ನೂ ಕಣ್ಣಿಗೆ ಕನ್ನಡಕವನ್ನೂ ಧರಿಸತಕ್ಕದ್ದು. ಇನ್ನೊಂದು ಮಾತನ್ನೂ ಮರೆಯುವಂತಿಲ್ಲ: ಒಮ್ಮೆ ಗಟ್ಟಿಯಾದ ಈ ವಸ್ತುವನ್ನು ಕರಗಿಸಿ ಮತ್ತೆ ಅಚ್ಚು ಹಾಕಲಾಗದು. ಬಿರುಕನ್ನು ಸಕಾಲದಲ್ಲಿ ದುರಸ್ತಿ ಮಾಡಿಸಿ ದೀರ್ಘಕಾಲ ಬಳಸುವುದೇ ಪರಿಸರಕ್ಕೂ ಹಣಕ್ಕೂ ಹಿತ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ನೀರು ನಿಲ್ಲುವುದು. ನಡುರಾತ್ರಿ ವಿದ್ಯುತ್ ಹೋಗಿ ಹರಿವು ನಿಂತರೆ ತೇಲುತ್ತಿದ್ದ ಮೊಟ್ಟೆಗಳು ತಳಕ್ಕಿಳಿದು ಒಂದರ ಮೇಲೊಂದು ಕೂಡಿ, ಉಸಿರಿಲ್ಲದೆ ಸಾಯುತ್ತವೆ. ಹತ್ತು ಲಕ್ಷ ಜೀವಗಳೂ ಒಂದು ಋತುವಿನ ಆಸೆಯೂ ಒಟ್ಟಿಗೆ ಮುಳುಗುತ್ತವೆ. ಆದ್ದರಿಂದ ಮೇಲ್ತೊಟ್ಟಿಯಲ್ಲಿ ಸಾಕಷ್ಟು ನೀರಿನ ಸಂಗ್ರಹ, ಎಣ್ಣೆಯಿಂದ ನಡೆಯುವ ಒಂದು ಪಂಪು ಮತ್ತು ಆ ನಾಲ್ಕು ದಿನ ಎಚ್ಚರವಿರುವ ಒಬ್ಬ ಮನುಷ್ಯ, ಈ ಮೂರೂ ಇರಲೇಬೇಕು. ತೊಟ್ಟಿ ಎಷ್ಟೇ ಉತ್ತಮವಾಗಿದ್ದರೂ ಅದು ಮೀನಿನ ತಳಿಯನ್ನು ಸುಧಾರಿಸುವುದಿಲ್ಲ. ಒಂದೇ ಕೊಳದ ಅಣ್ಣತಂಗಿ ಮೀನುಗಳನ್ನು ವರ್ಷವರ್ಷವೂ ಕೂಡಿಸಿದರೆ ಮರಿಗಳು ಕುಂಠಿತವಾಗುತ್ತವೆ. ತಾಯಿಮೀನುಗಳನ್ನು ಆಗಾಗ ಬೇರೆ ಮೂಲಗಳಿಂದ ತರಿಸಿ, ಅದರ ದಾಖಲೆಯನ್ನು ಬರೆದಿಡುವುದು ಅಗತ್ಯ.

ಧನಸಹಾಯದ ವಿಷಯವಾಗಿ ಒಂದು ಮಾತು. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಫಲಾನುಭವಿ ಆಧಾರಿತ ಘಟಕಗಳಿಗೆ ಸಾಮಾನ್ಯ ವರ್ಗದವರಿಗೆ ನಿಗದಿತ ಘಟಕ ವೆಚ್ಚದ ಶೇಕಡ 40ರವರೆಗೆ, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡ 60ರವರೆಗೆ ನೆರವು ಕೊಡಲು ಅವಕಾಶ ಮಾಡಲಾಯಿತು. ಹಣ ತೊಡಗಿಸುವ ಮುನ್ನ ಜಿಲ್ಲಾ ಮೀನುಗಾರಿಕೆ ಕಚೇರಿಯಲ್ಲಿ ಆ ಹೊತ್ತಿನ ನಿಯಮಗಳನ್ನು ವಿಚಾರಿಸುವುದು ಕ್ಷೇಮ.

ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡಿಗರಿಗೆ ಒಂದು ಅನುಕೂಲ ಸಹಜವಾಗಿಯೇ ಒದಗಿದೆ. ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ ಇರುವುದು ಮುಂಬಯಿಯ ವರ್ಸೋವಾದಲ್ಲಿ. ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆ ಚೆನ್ನೈಯಲ್ಲಿ. 2006ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿ ಹೈದರಾಬಾದಿನಲ್ಲಿ. ನಗರದ ನೌಕರಿಯಲ್ಲಿರುವ ಮಗನಾಗಲಿ ಮಗಳಾಗಲಿ ಬಿಡುವಿನ ಒಂದು ದಿನ ಅಲ್ಲಿಗೆ ಹೋಗಿ ಪಡೆದು ತಂದ ಮಾಹಿತಿ, ಊರಿನಲ್ಲಿ ಪಾಲಿನ ಜಮೀನನ್ನು ನೋಡಿಕೊಂಡಿರುವ ಅಣ್ಣನಿಗೆ ಮುಂದಿನ ಮುಂಗಾರಿನ ಹೊತ್ತಿಗೆ ಆಸರೆಯಾಗಬಹುದು. ಊರಿಗೆ ಕಳುಹಿಸುವ ಹಣದೊಡನೆ ತಿಳಿವಳಿಕೆಯೂ ಹೋದರೆ, ಆ ಹಣಕ್ಕೆ ಸಾರ್ಥಕತೆ ಹೆಚ್ಚು.

ನದಿಯನ್ನು ಹಳ್ಳಿಗೆ ತರುವುದು ಯಾರಿಗೂ ಆಗದ ಕೆಲಸ. ಆದರೆ ನದಿಯ ಹರಿವಿನ ಒಂದು ಸುತ್ತನ್ನು, ಎರಡು ಮೀಟರ್ ಅಗಲದ ತೊಟ್ಟಿಯಲ್ಲಿ, ಕೆರೆಯ ದಂಡೆಗೆ ತರುವುದು ಸಾಧ್ಯವಾಗಿದೆ. ಅದರ ಫಲ ತೊಟ್ಟಿಗಿಂತ ಹೆಚ್ಚಾಗಿ ಅದನ್ನು ಕಾಯುವವರ ಶ್ರದ್ಧೆಯನ್ನು ಅವಲಂಬಿಸಿದೆ.