ಆರಾಮ ಕುರ್ಚಿಯ ಮಾತು

(ಪೀಣ್ಯದ ಕಾರ್ಮಿಕರ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋದ ಕೂಟದ ಕೊನೆಯಲ್ಲಿ ಒಂದು ಮಾತು ಹಾರಿತು. ವೈಟ್‌ಫೀಲ್ಡಿನಿಂದ ಬಂದಿದ್ದ ಸಾಫ್ಟ್‌ವೇರ್ ಕೆಲಸದ ತರುಣರೊಬ್ಬರು ಕೂಲಿಯ ಪ್ರಶ್ನೆಯನ್ನು ಕುರಿತು ಮಾತನಾಡುತ್ತಿದ್ದರು. ಹಿಂದಿನ ಸಾಲಿನಿಂದ ಯಾರೋ ‘ಆರ್ಮ್‌ಚೇರ್ ಸೋಷಲಿಸ್ಟ್’ ಎಂದರು. ನಕ್ಕವರು ನಕ್ಕರು. ತರುಣರು ಮಾತು ನಿಲ್ಲಿಸಿ ಕುಳಿತರು. ಈ ಹೊತ್ತು ಅವರು ಬಂದಿಲ್ಲ.

ಸಭೆ ಚದುರಿದ ಮೇಲೆ ಲೇತ್ ಕೆಲಸದ ಹಿರಿಯರೊಬ್ಬರು ನಮ್ಮ ಹತ್ತಿರ ಬಂದು, “ಆರ್ಮ್ ಅಂದ್ರೆ ಹತ್ಯಾರು ಅಲ್ವೇನಪ್ಪಾ? ಹತ್ಯಾರಿನ ಕುರ್ಚಿ ಅಂದ್ರೆ ಹೊಗಳಿದ್ದೇ ಆಯ್ತಲ್ಲ, ಆ ಹುಡುಗ ಯಾಕೆ ಮುಖ ಸಣ್ಣಗೆ ಮಾಡ್ಕೊಂಡ?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿಯೇ ಇವತ್ತಿನ ಮಾತು. ಇಂಗ್ಲಿಷಿನ ಯಜಮಾನಿಕೆಯನ್ನು ವಿರೋಧಿಸುತ್ತ ಬಂದ ನಾವು ಒಂದು ಇಂಗ್ಲಿಷ್ ಶಬ್ದದ ಅರ್ಥ ಬಿಡಿಸಲು ನಿಂತಿದ್ದೇವಲ್ಲ ಎಂದು ನೀವು ನಗಬಹುದು. ಆದರೆ ಶಬ್ದ ಬಿದ್ದದ್ದು ನಮ್ಮ ಸಭೆಯಲ್ಲಿ, ನೋವಾದದ್ದು ನಮ್ಮವನೊಬ್ಬನಿಗೆ.

ಆರ್ಮ್ ಎಂದರೆ ಇಲ್ಲಿ ತೋಳು. ತೋಳೂರಲು ಎರಡು ಕಡೆಗೂ ಆಸರೆ ಇರುವ ಕುರ್ಚಿ. ಹಳೆಯ ವಕೀಲರ ಮನೆಯ ಹಜಾರದಲ್ಲಿ ಬೆತ್ತ ಹೆಣೆದದ್ದು ಇರುತ್ತಿತ್ತಲ್ಲ, ಆ ಆರಾಮ ಕುರ್ಚಿಯ ಬಳಗದ್ದು. ಇಂಗ್ಲಿಷಿನವರು ಇದನ್ನು ಬೇರೆ ಹೆಸರುಗಳ ಮುಂದೆ ಕಟ್ಟುತ್ತಾರೆ: ಆರ್ಮ್‌ಚೇರ್ ಟೀಕಾಕಾರ, ಆರ್ಮ್‌ಚೇರ್ ಸೇನಾಪತಿ, ಆರ್ಮ್‌ಚೇರ್ ಕ್ರಾಂತಿಕಾರಿ. ಎದ್ದು ಹೋಗಿ ಮಾಡದೆ, ಕಂಡು ಉಂಡು ತಿಳಿಯದೆ, ಕುಳಿತಲ್ಲಿಂದಲೇ ಎಲ್ಲವನ್ನೂ ಬಲ್ಲವನಂತೆ ಆಡುವವನು ಎಂದರ್ಥ. 1893ರಲ್ಲಿ ಅಚ್ಚಾದ ಒಂದು ಕಥೆಯಲ್ಲಿ ಷರ್ಲಾಕ್ ಹೋಮ್ಸ್ ಎಂಬ ಪತ್ತೇದಾರ ತನ್ನ ಅಣ್ಣನ ವಿಷಯದಲ್ಲಿ ಹೀಗೆಯೇ ಹೇಳುತ್ತಾನೆ: ಅಣ್ಣನ ಬುದ್ಧಿ ತನಗಿಂತ ಹರಿತ, ಆದರೆ ಕುರ್ಚಿ ಬಿಟ್ಟು ಎದ್ದು ಹೋಗಿ ತನ್ನ ಲೆಕ್ಕ ಸರಿಯೇ ಎಂದು ನೋಡುವ ಮನುಷ್ಯ ಅವನಲ್ಲ.

ಎಲ್ಲ ಕಡೆಯೂ ಇದು ಬೈಗುಳವಲ್ಲ. ಹಿಮಾಲಯದ ಪುಸ್ತಕ ಓದಿ ಮನೆಯಲ್ಲೇ ಹಿಮಾಲಯ ಸುತ್ತುವವನನ್ನು ಆರ್ಮ್‌ಚೇರ್ ಪ್ರವಾಸಿ ಎನ್ನುತ್ತಾರೆ. ಅದರಲ್ಲಿ ಸಲಿಗೆ ಇದೆ, ತಿರಸ್ಕಾರವಿಲ್ಲ. ಟಿವಿ ಮುಂದೆ ಕುಳಿತು ಆಟಗಾರನಿಗೆ ಬ್ಯಾಟು ಹಿಡಿಯುವುದನ್ನು ಕಲಿಸುವವನು ನಮ್ಮ ಪ್ರತಿ ಮನೆಯಲ್ಲೂ ಒಬ್ಬನಿದ್ದಾನೆ. ಅವನಿಂದ ಯಾರಿಗೂ ನಷ್ಟವಿಲ್ಲ. ಸೇನಾಪತಿಯ ಮಾತು ಹಾಗಲ್ಲ. ಅವನು ಕುರ್ಚಿಯಿಂದ ಬೆರಳು ತೋರಿಸಿದ ಕಡೆ ಸಾಯುವವನು ಬೇರೆಯವನು. ಕುಳಿತವನ ಮಾತಿಗೆ ಬೆಲೆ ತೆರುವವರು ಯಾರು? ಶಬ್ದದ ಮುಳ್ಳು ಇರುವುದು ಈ ಪ್ರಶ್ನೆಯಲ್ಲಿ, ಕೂರುವುದರಲ್ಲಿ ಅಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರದ ಮಾತು ಕಟ್ಟೆ ಪುರಾಣ. ಆದರೆ ಅರಳಿಕಟ್ಟೆಯ ಮೇಲೆ ಹತ್ತು ಜನ ಕೂರಬಹುದು, ಒಬ್ಬ ಬಡಾಯಿ ಕೊಚ್ಚಿದರೆ ಪಕ್ಕದವನು ಅಲ್ಲೇ ಕಿವಿ ಹಿಂಡುತ್ತಾನೆ. ಕುರ್ಚಿ ಒಬ್ಬನದು. ನಮ್ಮ ಭಾಷೆಯಲ್ಲಿ ಕುರ್ಚಿ ಎಂದರೆ ಅಧಿಕಾರ ಎಂಬ ಅರ್ಥ ಬಂದದ್ದು ಸುಮ್ಮನೆ ಅಲ್ಲ.

ಈಗ ನಮ್ಮ ಸುತ್ತಣ ಕುರ್ಚಿಗಳನ್ನು ನೋಡೋಣ. ಇಲ್ಲಿ ಪೀಣ್ಯದಲ್ಲಿ ಲೇತ್ ಮುಂದೆ ಪಾಳಿ ಪೂರ್ತಿ ನಿಂತಿರುತ್ತೇವೆ. ಗಾರ್ಮೆಂಟ್ಸಿನಲ್ಲಿ ಇಸ್ತ್ರಿಯವರೂ ಹೆಲ್ಪರುಗಳೂ ನಿಲ್ಲುತ್ತಾರೆ. ಹೊಲಿಗೆಯ ಹೆಣ್ಣುಮಕ್ಕಳು ಕೂರುತ್ತಾರೆ. ಬೆನ್ನಿಗೆ ಆಸರೆಯಿಲ್ಲದ ಸ್ಟೂಲು, ತಲೆಯ ಮೇಲೆ ಗಂಟೆಗಿಷ್ಟು ಎಂಬ ಟಾರ್ಗೆಟ್ಟು. ನೀರು ಕುಡಿದರೆ ಏಳಬೇಕಾಗುತ್ತದೆಂದು ನೀರನ್ನೇ ಕುಡಿಯದವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರು ಕೂರುವುದನ್ನು ಯಾವ ಇಂಗ್ಲಿಷಿನವನೂ ಆರಾಮ ಎನ್ನಲಾರ. ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ಹುಡುಗರ ಕುರ್ಚಿಗೆ ತೋಳೂ ಇದೆ, ಚಕ್ರವೂ ಇದೆ. ಸಂಬಳವೂ ನಮ್ಮದಕ್ಕಿಂತ ದೊಡ್ಡದು. ಅದನ್ನು ಮರೆಮಾಚುವುದು ಬೇಡ. ಆದರೆ ಆ ಕುರ್ಚಿ ಅವರದಲ್ಲ. ಬೆಳಿಗ್ಗೆ ಕಾರ್ಡು ಒತ್ತಿದಾಗ ಬಾಗಿಲು ತೆರೆಯದಿದ್ದರೆ ಕುರ್ಚಿ ಹೋಯಿತೆಂದೇ ಲೆಕ್ಕ.

2024ರ ಜುಲೈನಲ್ಲಿ ಐಟಿ ಕೆಲಸಗಾರರ ದಿನವನ್ನು 14 ಗಂಟೆಗೆ ಎಳೆಯಲು ದಾರಿ ಮಾಡುವ ತಿದ್ದುಪಡಿಯೊಂದರ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂದಿತು. ಬೇಡವೆಂದು ಎದ್ದದ್ದು ಆ ಚಕ್ರದ ಕುರ್ಚಿಯವರ ಸಂಘವೇ, ಕಿಟು ಎಂದು ಕರೆಯುವ ಐಟಿ ನೌಕರರ ಸಂಘ. ಅದಕ್ಕೆ ಮುಂಚೆ, 2023ರ ಅಕ್ಟೋಬರಿನಲ್ಲಿ, ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದ್ದರು. ಅವರನ್ನು ಮಾಡದೆ ಹೇಳಿದವರು ಎನ್ನಲು ಬರುವುದಿಲ್ಲ. ತಾವೂ ಹಾಗೆ ದುಡಿದದ್ದಾಗಿ ಅವರು ಹೇಳುತ್ತಾರೆ, ನಾವು ನಂಬುತ್ತೇವೆ. ಆದರೆ ಅವರ ಒಂದೊಂದು ಗಂಟೆಯೂ ಅವರದೇ ಷೇರಿನ ಬೆಲೆಯಾಗಿ ಬೆಳೆಯಿತು. ಸಂಬಳದ ಹುಡುಗನ ಎಪ್ಪತ್ತನೆಯ ಗಂಟೆ ಯಾರ ಜೇಬಿನಲ್ಲಿ ಬೆಳೆಯುತ್ತದೆ?

ಕುರ್ಚಿಯ ಮಾತು ಹೇಗೆ ಕೊಲ್ಲುತ್ತದೆಂಬುದಕ್ಕೆ ನಮ್ಮ ರಸ್ತೆಯದೇ ಸಾಕ್ಷಿ ಇದೆ. 2016ರ ಫೆಬ್ರವರಿ 10ರಂದು ದೆಹಲಿಯಿಂದ ಪ್ರಾವಿಡೆಂಟ್ ಫಂಡಿನ ಬಗ್ಗೆ ಒಂದು ಅಧಿಸೂಚನೆ ಹೊರಟಿತು. ಕೆಲಸ ಬಿಟ್ಟವರು ತಮ್ಮ ಸಂಬಳದಿಂದ ಮುರಿದ ಪಾಲನ್ನೂ ಅದರ ಬಡ್ಡಿಯನ್ನೂ ಮಾತ್ರ ಪಡೆಯಬಹುದು. ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಅಲ್ಲೇ ಇರಬೇಕು. ಮುಪ್ಪಿಗೆ ನಾಲ್ಕು ಕಾಸು ಉಳಿಯಲಿ ಎಂಬುದು ಬರೆದವರ ವಾದ. ವಾದ ಕೇಳಲು ಚೆನ್ನಾಗಿಯೇ ಇದೆ. ಆದರೆ ಅದನ್ನು ಬರೆದವರು ಒಂದೇ ಒಂದು ದಿನ ಗಾರ್ಮೆಂಟ್ಸಿನ ಬಾಗಿಲಲ್ಲಿ ನಿಂತು ಪಾಳಿ ಬಿಡುವುದನ್ನು ನೋಡಿದ್ದರೆ, ಹೊರಗೆ ಬರುವವರಲ್ಲಿ 58ರ ಹೆಂಗಸು ಎಷ್ಟು ಮಂದಿ ಎಂದು ಎಣಿಸಬಹುದಾಗಿತ್ತು. ನಲವತ್ತು ದಾಟುವಷ್ಟರಲ್ಲಿ ಕಣ್ಣೂ ಸೊಂಟವೂ ಸೋತು ಮನೆ ಸೇರುವವರೇ ಹೆಚ್ಚು. ಅವರಿಗೆ ಪಿಎಫ್ ಎಂದರೆ ಮುಪ್ಪಿನ ಮಾತಲ್ಲ. ಮಗಳ ಕಾಲೇಜಿನ ಶುಲ್ಕ, ಭೋಗ್ಯದ ಮನೆಯ ಮುಂಗಡ, ಊರಿನಲ್ಲಿ ಬೆಳೆದು ನಿಂತ ಸಾಲ. ಕೈಗೆ ಇಡಿಯಾಗಿ ಬರುವ ದುಡ್ಡು ಅವರ ಆಯುಷ್ಯದಲ್ಲಿ ಅದೊಂದೇ.

ಏಪ್ರಿಲ್ 18, ಸೋಮವಾರ, ಹೊಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮೆಷಿನ್ನು ಬಿಟ್ಟು ಎದ್ದು ರಸ್ತೆಗೆ ಬಂದರು. ಮರುದಿನ ಅದು ಹಬ್ಬಿತು, ನಮ್ಮ ಪೀಣ್ಯ, ಜಾಲಹಳ್ಳಿ ಕ್ರಾಸಿನವರೆಗೆ. ಲಾಠಿ ಬಿತ್ತು, ಅಶ್ರುವಾಯು ಹಾರಿತು, ಬಸ್ಸುಗಳು ಸುಟ್ಟವು. ಬಸ್ಸು ಸುಟ್ಟದ್ದನ್ನು ನಾವು ಹೊಗಳುವುದಿಲ್ಲ. ಅದರಲ್ಲಿ ಹೋಗುವವರೂ ನಾವೇ. ಆದರೆ 19ನೆಯ ತಾರೀಖೇ ಕೇಂದ್ರ ಕಾರ್ಮಿಕ ಮಂತ್ರಿ ಬಂಡಾರು ದತ್ತಾತ್ರೇಯರು ಆ ಅಧಿಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡುದಾಗಿ ಸಾರಿದರು. ಎರಡು ತಿಂಗಳ ಮನವಿಪತ್ರಗಳಿಂದ ಆಗದ ಕೆಲಸ ಎರಡು ದಿನದಲ್ಲಿ ಆಯಿತು.

ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ, ಹೇಳಿಬಿಡುತ್ತೇವೆ. ಆ ಹೆಣ್ಣುಮಕ್ಕಳಿಗೆ ಯಾವ ದೊಡ್ಡ ಸಂಘವೂ ಕರೆ ಕೊಟ್ಟಿರಲಿಲ್ಲ. ನಾವೂ ಕೊಟ್ಟಿರಲಿಲ್ಲ. ಅಧಿಸೂಚನೆಯನ್ನು ಓದಿದ್ದೆವು, ಖಂಡಿಸಿ ಒಂದು ಠರಾವು ಬರೆದಿದ್ದೆವು, ಅಲ್ಪವಿರಾಮ ಎಲ್ಲಿ ಬರಬೇಕೆಂದು ಅರ್ಧ ಗಂಟೆ ಚರ್ಚಿಸಿದ್ದೆವು. ಅಂದು ನಾವು ಕುಳಿತಿದ್ದು ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಅವಕ್ಕೂ ತೋಳಿದ್ದವು. ಹೋದ ವಾರ ಆ ತರುಣನ ಮೇಲೆ ಬಿದ್ದ ಶಬ್ದ ಅಂದು ನಮ್ಮ ಮೇಲೆ ಬಿದ್ದಿದ್ದರೆ ನ್ಯಾಯವಾಗುತ್ತಿತ್ತು.

ಹಾಗೆಂದು ಓದುವುದು, ಕುಳಿತು ಯೋಚಿಸುವುದು ತಪ್ಪೆಂದು ಯಾರೂ ತಿಳಿಯಬಾರದು. ಮಾರ್ಕ್ಸ್ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಓದುಮನೆಯಲ್ಲಿ ವರ್ಷಗಟ್ಟಲೆ ಕುಳಿತವರೇ. ಆದರೆ 1880ರಲ್ಲಿ ಫ್ರಾನ್ಸಿನ ಕೆಲಸಗಾರರಿಗಾಗಿ ಸುಮಾರು ನೂರು ಪ್ರಶ್ನೆಗಳ ಪಟ್ಟಿಯೊಂದನ್ನು ಅವರು ಬರೆದುಕೊಟ್ಟರು: ಕೆಲಸದ ಜಾಗ ಎಂಥದು, ಗಂಟೆ ಎಷ್ಟು, ಅಪಘಾತವಾದರೆ ಯಾರು ನೋಡುತ್ತಾರೆ ಎಂದು. ಅಷ್ಟು ಓದಿದವರೂ ದುಡಿಯುವವನನ್ನೇ ಕೇಳಬೇಕಾಯಿತು. ನಮ್ಮ ಲೋಹಿಯಾ ಬರ್ಲಿನ್ನಿನಲ್ಲಿ ಡಾಕ್ಟರೇಟು ಪಡೆದವರು. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನ ಗೇಣಿದಾರರು ಭತ್ತ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎದ್ದಾಗ, ಅವರು ಅಲ್ಲಿಗೆ ಬಂದು ಸತ್ಯಾಗ್ರಹದಲ್ಲಿ ಸೇರಿ ಬಂಧಿತರಾದರು. ಶಾಂತವೇರಿ ಗೋಪಾಲಗೌಡರು ಜನರಿಗೆ ತಮ್ಮವರೆನಿಸಿದ್ದೂ ಅಂಥ ಹೋರಾಟದ ನಡುವೆ.

ಈ ಸಭೆಯಲ್ಲಿ ಅಂಗಡಿಯವರೂ ಇದ್ದೀರಿ. ನಿಮಗೂ ಒಂದು ಮಾತು, ಸಿಟ್ಟಾಗಬೇಡಿ. ಗಲ್ಲಾಪೆಟ್ಟಿಗೆಯ ಹಿಂದೆ ನಿಮಗೆ ಕುರ್ಚಿ ಇದೆ. ಸೀರೆ ಬಿಡಿಸಿ ತೋರಿಸುವ ಹುಡುಗಿಗೆ ಇದೆಯೆ? ಕೇರಳದಲ್ಲಿ ಕೋಳಿಕ್ಕೋಡಿನ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ದಿನವಿಡೀ ನಿಂತು ನಿಂತು ಸಾಕಾಗಿ, ಪಿ. ವಿಜಿ ಎಂಬ ದರ್ಜಿ ಮಹಿಳೆಯೊಡನೆ ಸಂಘ ಕಟ್ಟಿ ಹೋರಾಡಿದರು. ಅಲ್ಲಿ 2018ರಲ್ಲಿ ಅಂಗಡಿ ಕಾಯಿದೆಗೆ ತಿದ್ದುಪಡಿಯಾಗಿ ಕೂರುವ ಹಕ್ಕು ಬಂದಿತು. ತಮಿಳುನಾಡಿನಲ್ಲಿ 2021ರಲ್ಲಿ ಬಂದಿತು. ನಿಂತು ದುಡಿಯುವ ಕಾರ್ಖಾನೆಯವರಿಗೆ ಕೂರಲು ಅನುಕೂಲ ಮಾಡಬೇಕೆಂದು 1948ರ ಕಾರ್ಖಾನೆ ಕಾಯಿದೆಯ 44ನೆಯ ಕಲಮಿನಲ್ಲೇ ಬರೆದಿತ್ತು. ಎಷ್ಟು ಕಡೆ ಸ್ಟೂಲು ಬಂದಿತೆಂದು ಇಲ್ಲಿರುವ ಹಿರಿಯರನ್ನು ಕೇಳಿ. ಒಬ್ಬರ ಮೇಲೆ ಬೈಗುಳವಾಗಿ ಎಸೆಯುವ ಕುರ್ಚಿ ಇನ್ನೊಬ್ಬರು ಬೀದಿಗಿಳಿದು ಕೇಳಿ ಪಡೆದ ಕುರ್ಚಿ.

ಇನ್ನು ಕೆಲಸದ ಮಾತು. ಹೊರಗೆ ಬಾಗಿಲಲ್ಲಿ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಹನ್ನೆರಡು ಪ್ರಶ್ನೆಗಳಿವೆ: ಎಷ್ಟು ಹೊತ್ತು ನಿಲ್ಲುತ್ತೀರಿ, ಎಷ್ಟು ಹೊತ್ತು ಕೂರುತ್ತೀರಿ, ಬೆನ್ನಿಗೆ ಆಸರೆ ಇದೆಯೆ, ಕೇಳದೆ ಏಳಬಹುದೆ, ಹೀಗೆ. ಹೆಸರು ಬರೆಯಬೇಡಿ. ಬರೆಯಲು ಬಾರದವರಿಗೆ ಮಕ್ಕಳು ಬರೆದುಕೊಡಲಿ. ಬುಧವಾರ ಸಂಜೆ ನಮ್ಮಲ್ಲಿ ಇಬ್ಬರು ಅದೇ ಹಾಳೆಗಳನ್ನು ಹಿಡಿದು ವೈಟ್‌ಫೀಲ್ಡಿಗೆ ಹೋಗುತ್ತೇವೆ, ಆ ತರುಣನ ಕೋಣೆಗೆ. ಹೋದ ವಾರ ಹಿಂದಿನ ಸಾಲಿನಲ್ಲಿ ಕುಳಿತಿದ್ದವರು ಯಾರಾದರೂ ಜೊತೆಗೆ ಬರುವುದಾದರೆ, ಐದೂವರೆಗೆ ಜಾಲಹಳ್ಳಿ ಕ್ರಾಸಿನ ಬಸ್ ನಿಲ್ದಾಣದಲ್ಲಿ ಸಿಗುತ್ತೇವೆ.