ಹತ್ತನೇ ಸ್ಥಾನದ ತಂಡ



22 ಪಂದ್ಯ, 22 ಅಂಕ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನ 2023-24ರ ಋತುವಿನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಗಳಿಸಿದ್ದು ಇಷ್ಟೇ. ಗೆಲುವು 5, ಸೋಲು 10, ಉಳಿದವು ಡ್ರಾ. 12 ತಂಡಗಳಲ್ಲಿ 10ನೇ ಸ್ಥಾನ. ಹೊರ ಊರುಗಳಲ್ಲಿ ಸೋತದ್ದನ್ನು ಬಿಡಿ, ತವರಿನ ಕಂಠೀರವ ಕ್ರೀಡಾಂಗಣದಲ್ಲೇ ಡಿಸೆಂಬರ್‌ನಲ್ಲಿ ಮುಂಬೈ ಸಿಟಿ ನಾಲ್ಕು ಗೋಲು ಹೊಡೆದು ಹೋಯಿತು. ಏಪ್ರಿಲ್‌ನಲ್ಲಿ ಮೋಹನ್ ಬಾಗಾನ್ ಬಂದು ಮತ್ತೆ ನಾಲ್ಕು ಹೊಡೆಯಿತು. ಎರಡೂ ಸಲ ನಮ್ಮದು ಸೊನ್ನೆ.

ಇದು ಎಂಥ ಕುಸಿತ ಎಂದು ತಿಳಿಯಬೇಕಾದರೆ ಈ ಕ್ಲಬ್ಬಿನ ಜಾತಕ ಸ್ವಲ್ಪ ಗೊತ್ತಿರಬೇಕು. 2013ರಲ್ಲಿ ಹುಟ್ಟಿತು. ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು. ಅಲ್ಲಿಯವರೆಗೆ ಹೋದ ಮೊದಲ ಭಾರತೀಯ ಕ್ಲಬ್ ಅದು. 2019ರಲ್ಲಿ ಐಎಸ್‌ಎಲ್ ಕಿರೀಟವೂ ಬಂತು. ಹಾಗಾಗಿ ನಮ್ಮಂಥ ಅಭಿಮಾನಿಗಳು ಸೋಲುವುದನ್ನು ಕಲಿತೇ ಇರಲಿಲ್ಲ. ಕೋಲ್ಕತ್ತದವರು, ಕೇರಳದವರು ತಲೆಮಾರುಗಳಿಂದ ಅದನ್ನು ಬಲ್ಲವರು. ಕಂಠೀರವದ ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ನಿಂತು ಹಾಡುವ ನಮಗೆ ಮಾತ್ರ ಫೈನಲ್ ಎಂಬುದು ಪಿತ್ರಾರ್ಜಿತ ಆಸ್ತಿ ಅನ್ನಿಸಿಬಿಟ್ಟಿತ್ತು.

ಹತ್ತನೇ ಸ್ಥಾನಕ್ಕೆ ಬೀಳುವ ಮುಂಚಿನ ಋತುವನ್ನೇ ನೋಡಿ. ಸೈಮನ್ ಗ್ರೇಸನ್ ಕೋಚ್ ಆಗಿದ್ದ 2022-23ರಲ್ಲಿ ಡುರಾಂಡ್ ಕಪ್ ಗೆದ್ದೆವು. ಲೀಗ್‌ನ ಕೊನೆಯಲ್ಲಿ ಸತತ 8 ಪಂದ್ಯ ಗೆದ್ದು ಫೈನಲ್ ತಲುಪಿ, ಪೆನಾಲ್ಟಿಗಳಲ್ಲಿ ಸೋತೆವು. ಸೂಪರ್ ಕಪ್‌ನಲ್ಲೂ ಫೈನಲ್‌ವರೆಗೆ ಹೋದೆವು. ಆಮೇಲೆ ಆ ತಂಡ ಚದುರಿತು. ರಾಯ್ ಕೃಷ್ಣ ಒಡಿಶಾಗೆ ಹೋದರು, ಸಂದೇಶ್ ಜಿಂಗಾನ್ ಮತ್ತು ಉದಾಂತ ಸಿಂಗ್ ಗೋವಾಕ್ಕೆ. ಹೊಸಬರು ಬಂದರು, ನಿಜ. ಆದರೆ ಪಕ್ಕದವನು ಯಾವಾಗ ಮುಂದೆ ಓಡುತ್ತಾನೆ, ಯಾವಾಗ ನಿಲ್ಲುತ್ತಾನೆ ಎಂಬುದು ಮೈಗೆ ಇಳಿಯಲು ಕಾಲ ಬೇಕು. ಆ ಕಾಲವೇ ಸಿಗಲಿಲ್ಲ. ಋತು ಶುರುವಾಗುವಾಗ ನಮ್ಮ ಸ್ಟ್ರೈಕರ್ ಸುನಿಲ್ ಛೆಟ್ರಿ ಏಷ್ಯನ್ ಗೇಮ್ಸ್‌ಗಾಗಿ ಚೀನಾದ ಹಾಂಗ್‌ಝೌನಲ್ಲಿದ್ದರು. ಕೊಚ್ಚಿಯ ಮೊದಲ ಪಂದ್ಯದಲ್ಲಿ ಒಂದು ಗೋಲನ್ನು ನಾವೇ ನಮ್ಮ ಬಲೆಗೆ ಹೊಡೆದುಕೊಂಡೆವು, ಇನ್ನೊಂದನ್ನು ಗೋಲ್‌ಕೀಪರ್‌ನ ಕಾಲಡಿಯ ತಡವರಿಕೆಯಲ್ಲಿ ದಾನ ಕೊಟ್ಟೆವು. ಡಿಸೆಂಬರ್ ಹೊತ್ತಿಗೆ ಗ್ರೇಸನ್ ಮನೆಗೆ ಹೋದರು, ಸ್ಪೇನಿನ ಜೆರಾರ್ಡ್ ಝರಗೋಝಾ ಬಂದರು.

ಸೋಲುವ ತಂಡವನ್ನು ನೋಡುವುದರಲ್ಲಿ ಒಂದು ಲಾಭವಿದೆ ಎಂದರೆ ನೀವು ನಕ್ಕೀರಿ. ಗೆಲ್ಲುವಾಗ ನಮ್ಮ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಸೋಲುವಾಗ ಚೆಂಡು ಹೇಗೂ ಎದುರಾಳಿಯ ಕಾಲಲ್ಲಿರುತ್ತದೆ, ನಮ್ಮ ಹುಡುಗರು ಎಲ್ಲಿ ನಿಂತಿದ್ದಾರೆ ಎಂದು ನೋಡಲು ಪುರುಸೊತ್ತು ಸಿಗುತ್ತದೆ. ಕಂಠೀರವದಲ್ಲಿ ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆಯಲ್ಲ, ಅದನ್ನು ನಾವು ಸದಾ ಬೈಯುತ್ತೇವೆ. ಆಟಗಾರನ ಮುಖ ಕಾಣುವುದಿಲ್ಲ, ದಿಟ. ಆದರೆ ತಂಡದ ಮೈಕಟ್ಟು ಪೂರ್ತಿ ಕಾಣುತ್ತದೆ. ಆ ವರ್ಷ ನನಗೆ ಕಂಡದ್ದು ಎರಡು ಕೊರತೆ. ಮಿಡ್‌ಫೀಲ್ಡಿಗೂ ಹಿಂದಿನ ನಾಲ್ವರಿಗೂ ನಡುವೆ ಒಂದು ಬಯಲೇ ಬಿದ್ದಿರುತ್ತಿತ್ತು. ಎದುರಾಳಿಯ ಹತ್ತನೇ ನಂಬರಿನವನು ಅಲ್ಲಿ ಆರಾಮಾಗಿ ತಿರುಗಿ, ತಲೆ ಎತ್ತಿ, ಯಾರಿಗೆ ಪಾಸ್ ಕೊಡಲಿ ಎಂದು ಯೋಚಿಸುವಷ್ಟು ಸಮಯ ಇರುತ್ತಿತ್ತು. ಎರಡನೆಯದು ಮುಂದುಗಡೆ: ಗೋಲು ಹೊಡೆಯುವವರು ಯಾರು?

ಮೊದಲನೆಯದನ್ನು ಕ್ಲಬ್ ಸರಿಯಾಗಿಯೇ ರಿಪೇರಿ ಮಾಡಿತು. ಡಿಫೆಂಡರ್ ಚಿಂಗ್ಲೆನ್ಸನಾ ಸಿಂಗ್ ಅದಾಗಲೇ ಬಂದಿದ್ದರು. 2024ರ ಬೇಸಿಗೆಯಲ್ಲಿ ರಾಹುಲ್ ಭೆಕೆ ಮರಳಿದರು. 2019ರ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ತಲೆಯಿಂದ ಗೋಲು ಹೊಡೆದು ಕಪ್ ತಂದುಕೊಟ್ಟವರು ಅವರೇ. ಅವರ ಮುಂದೆ ಬಯಲನ್ನು ಕಾಯಲು ಪೆಡ್ರೊ ಕಾಪೊ, ಚೆಂಡನ್ನು ಜಾಣತನದಿಂದ ಸಾಗಿಸಲು ಅಲ್ಬರ್ಟೊ ನೊಗುವೆರಾ. ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ಎದುರಿನ ಮೊದಲ ಪಂದ್ಯದಲ್ಲೇ ನಮ್ಮೂರಿನ ಹುಡುಗ, 19ರ ವಿನೀತ್ ವೆಂಕಟೇಶ್ ಗೆಲುವಿನ ಗೋಲು ಹೊಡೆದ. ಅದೇ ತಿಂಗಳು ಮೋಹನ್ ಬಾಗಾನ್‌ಗೆ 3-0. ಏಪ್ರಿಲ್‌ನ ಬಾಕಿ ಬಡ್ಡಿ ಇಲ್ಲದಿದ್ದರೂ ಬಹುಪಾಲು ತೀರಿತು. ಲೀಗ್‌ನಲ್ಲಿ 3ನೇ ಸ್ಥಾನ, 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮತ್ತೆ ಫೈನಲ್. ಅಲ್ಲಿ ಮೊದಲು ಮುಂದಿದ್ದವರು ನಾವೇ, ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತೆವು. ಒಂದೇ ವರ್ಷದಲ್ಲಿ ಹತ್ತರಿಂದ ಫೈನಲ್‌ಗೆ. ಗೆಳೆಯರೆಲ್ಲ ತಂಡ ಕಟ್ಟಿ ಮುಗಿಯಿತು ಎಂದು ಎದೆ ತಟ್ಟಿಕೊಂಡರು.

ನನ್ನ ತಕರಾರು ಇಲ್ಲೇ. ಆ ಋತುವಿನಲ್ಲಿ ನಮಗೆ ಅತಿ ಹೆಚ್ಚು ಗೋಲು ಹೊಡೆದುಕೊಟ್ಟವರು ಯಾರು? ಸುನಿಲ್ ಛೆಟ್ರಿ. 14 ಗೋಲು. ಭಾರತೀಯ ಆಟಗಾರರಲ್ಲಿ ಅಷ್ಟು ಯಾರೂ ಹೊಡೆದಿರಲಿಲ್ಲ. ಅವರಿಗೆ ಆಗಲೇ 40 ತುಂಬಿತ್ತು.

ಆ 14 ಗೋಲುಗಳ ಸೊಗಸನ್ನು ಹೇಳದೆ ಮುಂದೆ ಹೋದರೆ ತಪ್ಪಾದೀತು. ಛೆಟ್ರಿ ಎತ್ತರದ ಆಳಲ್ಲ, ಹಳೆಯ ವೇಗವೂ ಉಳಿದಿಲ್ಲ. ಎಷ್ಟೋ ಪಂದ್ಯಗಳಲ್ಲಿ ದ್ವಿತೀಯಾರ್ಧದಲ್ಲಿ ಬದಲಿಯಾಗಿ ಇಳಿಯುತ್ತಿದ್ದರು. ಆದರೆ ಕ್ರಾಸ್ ಹೊರಡುವ ಮುನ್ನ ಡಿಫೆಂಡರ್ ಒಮ್ಮೆ ಚೆಂಡಿನ ಕಡೆಗೆ ಕತ್ತು ಹೊರಳಿಸುತ್ತಾನೆ ನೋಡಿ, ಆ ಕ್ಷಣದಲ್ಲಿ ಇವರು ಅವನ ಬೆನ್ನ ಹಿಂದಿನಿಂದ ಎದುರಿಗೆ ಜಾರಿರುತ್ತಾರೆ. ಗೋವಾ ವಿರುದ್ಧದ ಸೆಮಿಫೈನಲ್‌ನಲ್ಲಿ ನಿಗದಿತ 90 ನಿಮಿಷ ಕಳೆದ ಮೇಲೆ ಅವರು ತಲೆಯಿಂದ ಹೊಡೆದ ಗೋಲು ನಮ್ಮನ್ನು ಫೈನಲ್‌ಗೆ ಕಳಿಸಿತು. ಎರಡು ಹೆಜ್ಜೆಯ ಓಟ, ಅಷ್ಟೇ. ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್ ಹೊಡೆದಾಗ ಐಎಸ್‌ಎಲ್‌ನಲ್ಲಿ ಅಷ್ಟು ವಯಸ್ಸಿಗೆ ಹ್ಯಾಟ್ರಿಕ್ ಹೊಡೆದವರು ಬೇರೆ ಯಾರೂ ಇರಲಿಲ್ಲ. ಇದನ್ನೆಲ್ಲ ಕಣ್ಣಾರೆ ನೋಡಿದ್ದು ನಮ್ಮ ಭಾಗ್ಯ.

ಆದರೂ 40ರ ಒಬ್ಬರು ತಂಡದ ಭಾರ ಹೊತ್ತರೆ, ಅದು ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟ ಹಾಗೆ. ನೆಲ ಒದ್ದೆಯಾಗುವುದಿಲ್ಲ, ಮಾಡು ಮಾತ್ರ ಹಾಗೇ ಇರುತ್ತದೆ. ಹತ್ತನೇ ಸ್ಥಾನದ ವರ್ಷ ನಮಗೆ ತೂತು ತೋರಿಸಿತ್ತು. ಮೂರನೇ ಸ್ಥಾನದ ವರ್ಷ ಅದನ್ನು ಮರೆಸಿತು. ಕೆಟ್ಟ ಋತುವಿಗಿಂತ ಒಳ್ಳೆಯ ಋತುವೇ ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು ಇದಕ್ಕೇ. ಇದು ಬೆಂಗಳೂರಿನೊಂದೇ ರೋಗವಲ್ಲ. ನಮ್ಮ ಬಹುತೇಕ ಕ್ಲಬ್‌ಗಳು ಮುಂಚೂಣಿಯ ಜಾಗವನ್ನು ವಿದೇಶಿಯರಿಗೆ ಮೀಸಲಿಡುತ್ತವೆ. 2024ರಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದ್ದ ಛೆಟ್ರಿ ಮರುವರ್ಷ ಮತ್ತೆ ದೇಶದ ಅಂಗಿ ತೊಡಬೇಕಾಗಿ ಬಂದದ್ದೂ ಅದರದೇ ಫಲ.

ಹಾಗಾದರೆ ಹುಡುಗರಿಲ್ಲವೇ? ಇದ್ದಾರೆ. ಎಡಬದಿಯ ರೋಷನ್ ಸಿಂಗ್, ಮುಂದಿನ ಸಾಲಿನ ಶಿವಶಕ್ತಿ, ಈಗ ವಿನೀತ್, ಎಲ್ಲರೂ ಕ್ಲಬ್ಬಿನ ಕಿರಿಯರ ತಂಡಗಳಿಂದಲೇ ಬಂದವರು. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಕ್ಲಬ್ಬಿನ ವಸತಿ ಅಕಾಡೆಮಿ ಇದೆ. 2023ರ ಮಾರ್ಚ್‌ನಲ್ಲಿ, ನಮ್ಮ ಐಎಸ್‌ಎಲ್ ಫೈನಲ್ ನಡೆದ ತಿಂಗಳಲ್ಲೇ, ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ತಂದಿತು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು 1948ರಲ್ಲಿ ಹೊಡೆದ ಸಾರಂಗಪಾಣಿ ರಾಮನ್ ಕೂಡ ಈ ಊರಿನವರೇ. ಹುಡುಗರ ಬರ ಇಲ್ಲ, ಅವರಿಗೆ ಸಿಗುವ ನಿಮಿಷಗಳ ಬರ ಇದೆ.

2025ರ ಜುಲೈನಲ್ಲಿ ಲೀಗಿಗೇ ಗ್ರಹಣ ಹಿಡಿಯಿತು. ಒಪ್ಪಂದದ ಗೊಂದಲದಲ್ಲಿ ಮುಂದಿನ ಋತುವನ್ನು ತಡೆಹಿಡಿದರು. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಮೊದಲ ತಂಡದ ಸಂಬಳವನ್ನೇ ನಿಲ್ಲಿಸಿತು. ಕಿರಿಯರ ತರಬೇತಿ ಮಾತ್ರ ನಿಲ್ಲದು ಎಂದಿತು. ಸಂಬಳದ ಸುದ್ದಿಯೇ ದೊಡ್ಡದಾಯಿತು, ಸಹಜವೇ. ನನ್ನ ಕಿವಿ ನೆಟ್ಟಗಾದದ್ದು ಎರಡನೇ ಮಾತಿಗೆ.

ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಜಿಲ್ಲಾ ಸಂಸ್ಥೆಯ ಸೂಪರ್ ಡಿವಿಷನ್ ಪಂದ್ಯಗಳು ನಡೆಯುತ್ತವೆ. ನಮ್ಮ ಕ್ಲಬ್ಬಿನ ಕಿರಿಯರೂ ಅಲ್ಲಿ ಆಡುತ್ತಾರೆ. ಹಾಡಿಲ್ಲ, ಡೋಲಿಲ್ಲ, ಮಧ್ಯಾಹ್ನದ ಬಿಸಿಲು ಮಾತ್ರ ಬೇಕಾದಷ್ಟು. ಸಾಧ್ಯವಾದಾಗೆಲ್ಲ ಹೋಗಿ ಕೂರುತ್ತೇನೆ. ಡಿಫೆಂಡರ್‌ನನ್ನು ಬೆನ್ನಿಗೆ ಹಾಕಿಕೊಂಡು ಚೆಂಡು ಪಡೆದು, ಒಂದೇ ಸ್ಪರ್ಶದಲ್ಲಿ ತಿರುಗುವ ಹುಡುಗನಿಗಾಗಿ ನನ್ನ ಹುಡುಕಾಟ. ಸದ್ಯಕ್ಕೆ ಇಬ್ಬರ ಮೇಲೆ ಕಣ್ಣಿಟ್ಟಿದ್ದೇನೆ. ಹೆಸರು ಹೇಳಲಾರೆ, ದೃಷ್ಟಿ ತಾಗೀತು.