ಹುಲ್ಲನ್ನು ಉತ್ತವರು, ಹುಲ್ಲನ್ನು ಬಿತ್ತಿದವರು: ಪ್ರೇರಿ ಬಯಲಿನ ಮಣ್ಣಿನ ಚರಿತ್ರೆ

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಣ್ಣಿನ ಸಂರಕ್ಷಣೆ ಎಂದೊಡನೆ ಬದು, ಒಡ್ಡು, ಇಂಗುಗುಂಡಿ, ತಡೆಗೋಡೆಗಳು ಕಣ್ಣ ಮುಂದೆ ಬರುತ್ತವೆ. ಇವೆಲ್ಲವೂ ಬೇಕಾದವುಗಳೇ. ಆದರೆ ಉತ್ತರ ಅಮೆರಿಕದ ಪ್ರೇರಿ ಬಯಲಿನ ಚರಿತ್ರೆಯು ಇವುಗಳಿಗಿಂತ ಮೊದಲು ನಿಲ್ಲಬೇಕಾದ ಒಂದು ಪಾಠವನ್ನು ಹೇಳುತ್ತದೆ. ಅಲ್ಲಿ ಮಣ್ಣನ್ನು ಕಾದದ್ದು ಹುಲ್ಲು. ಹುಲ್ಲು ಹೋದಾಗ ಮಣ್ಣೂ ಹೋಯಿತು. ಹುಲ್ಲು ಮರಳಿದ ಕಡೆ ಮಣ್ಣು ನಿಂತಿತು. ಈ ಸರಳ ಸತ್ಯವನ್ನು ಅರಿಯಲು ಆ ನಾಡಿನ ಸರಕಾರಗಳಿಗೆ ಎಪ್ಪತ್ತು ವರ್ಷ ಹಿಡಿಯಿತು. ಅರಿತದ್ದನ್ನು ಮರೆಯಲು ಹತ್ತು ವರ್ಷವೂ ಬೇಕಾಗಲಿಲ್ಲ.

ನೆಲದೊಳಗಿನ ಕಾಡು

ಕೆನಡಾದ ಆಲ್ಬರ್ಟಾ, ಸಸ್ಕ್ಯಾಚೆವಾನ್, ಮ್ಯಾನಿಟೋಬಾ ಪ್ರಾಂತಗಳಿಂದ ಮೊದಲ್ಗೊಂಡು ಅಮೆರಿಕದ ಟೆಕ್ಸಸ್‌ವರೆಗೆ ಹಬ್ಬಿದ ಹುಲ್ಲಿನ ಬಯಲೇ ಪ್ರೇರಿ. ಪೂರ್ವಭಾಗದಲ್ಲಿ ಮಳೆ ಹೆಚ್ಚು, ಹುಲ್ಲು ಆಳೆತ್ತರ. ಪಶ್ಚಿಮಕ್ಕೆ ಸಾಗಿದಂತೆ ವರ್ಷದ ಮಳೆ ಇಪ್ಪತ್ತು ಅಂಗುಲಕ್ಕೂ ಕೆಳಗಿಳಿಯುತ್ತದೆ. ಹುಲ್ಲೂ ಗೇಣುದ್ದಕ್ಕೆ ಇಳಿಯುತ್ತದೆ.

ನೆಬ್ರಾಸ್ಕ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಜಾನ್ ವೀವರ್ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಹುಲ್ಲುಗಾವಲಿನಲ್ಲಿ ಕಂದಕಗಳನ್ನು ತೋಡಿ, ಬೇರುಗಳನ್ನು ಒಂದೊಂದಾಗಿ ಬಿಡಿಸಿ, ಅಳೆದು, ಚಿತ್ರಿಸಿದರು. ಬಿಗ್ ಬ್ಲೂಸ್ಟೆಮ್ ಎಂಬ ಹುಲ್ಲಿನ ಬೇರು ಏಳೆಂಟು ಅಡಿ ಆಳಕ್ಕೆ ಇಳಿದಿತ್ತು. ಕೆಲವು ಗಿಡಗಳ ಬೇರು ಅದಕ್ಕೂ ಬಹಳ ಕೆಳಗೆ ಹೋಗಿತ್ತು. ಪ್ರತಿವರ್ಷ ಈ ಬೇರುಗಳ ಒಂದು ಪಾಲು ಸತ್ತು ಅಲ್ಲಿಯೇ ಕೊಳೆಯುತ್ತದೆ. ಸಾವಿರಾರು ವರ್ಷಗಳ ಆ ಕೊಳೆತವೇ ಪ್ರೇರಿಯ ಕಪ್ಪು ಮಣ್ಣು. ಮೇಲಿನಿಂದ ನೋಡುವವನಿಗೆ ಬರೀ ಬಯಲಾಗಿ ಕಾಣುವ ಆ ನೆಲದೊಳಗೆ ಒಂದು ಕಾಡೇ ಇದ್ದಿತು.

ಈ ವ್ಯವಸ್ಥೆಯಲ್ಲಿ ಮೇವು ಮತ್ತು ಬೆಂಕಿ ಎರಡಕ್ಕೂ ಸ್ಥಾನವಿತ್ತು. ಬೈಸನ್ ಎಂಬ ಕಾಡುದನದ ಹಿಂಡುಗಳು ಮೇದು ಮುಂದೆ ಸಾಗುತ್ತಿದ್ದವು. ಮೇದ ಜಾಗಕ್ಕೆ ಬಿಡುವು ಸಿಗುತ್ತಿತ್ತು. ಓಸೇಜ್, ಪಾನೀ, ಲಕೋಟ ಮೊದಲಾದ ಮೂಲನಿವಾಸಿಗಳು ಎಳೆಹುಲ್ಲು ಚಿಗುರಲೆಂದು ಕಾಲವರಿತು ಬೆಂಕಿಯಿಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕೋಟಿಗಟ್ಟಲೆ ಇದ್ದ ಬೈಸನ್‌ಗಳು 1880ರ ದಶಕದ ಕೊನೆಯ ಹೊತ್ತಿಗೆ ಸಾವಿರದ ಆಸುಪಾಸಿಗೆ ಇಳಿದವು. ಮೂಲನಿವಾಸಿಗಳನ್ನು ಮೀಸಲು ನೆಲಗಳಿಗೆ ತಳ್ಳಲಾಯಿತು. ಹುಲ್ಲುಗಾವಲಿನ ನಿರ್ವಹಣೆ ಬಲ್ಲವರನ್ನು ಹೊರಗಟ್ಟಿದ ಮೇಲೆಯೇ ಅಲ್ಲಿ ಬೇಸಾಯದ ಚರಿತ್ರೆ ಆರಂಭವಾಗುತ್ತದೆ.

ನೇಗಿಲಿನ ಕಾಲ

ಬೇರಿನ ಹೆಣಿಗೆಯಿಂದ ಗಟ್ಟಿಯಾಗಿದ್ದ ಆ ನೆಲವನ್ನು ಸೀಳಲು 1837ರಲ್ಲಿ ಇಲಿನಾಯ್‌ನ ಕಮ್ಮಾರ ಜಾನ್ ಡಿಯರ್ ತಯಾರಿಸಿದ ಉಕ್ಕಿನ ನೇಗಿಲು ನೆರವಾಯಿತು. 1862ರ ಹೋಮ್‌ಸ್ಟೆಡ್ ಕಾಯಿದೆಯು ನೆಲೆಸಿ ಉಳುವ ಕುಟುಂಬಕ್ಕೆ 160 ಎಕರೆ ನೀಡಿತು. 1872ರಲ್ಲಿ ಕೆನಡಾವೂ ಇಂಥದೇ ಕಾಯಿದೆ ತಂದಿತು. ನೆಲ ಉತ್ತರೆ ಮಳೆ ತಾನಾಗಿ ಬರುತ್ತದೆ ಎಂಬ ನಂಬಿಕೆಯನ್ನು ಭೂಮಿ ಮಾರುವವರು ಊರೂರಿಗೆ ಹಬ್ಬಿಸಿದರು.

ಇದಕ್ಕೆ ಎಚ್ಚರಿಕೆಯ ಮಾತೂ ಇಲ್ಲದಿರಲಿಲ್ಲ. ಭೂವಿಜ್ಞಾನಿ ಜಾನ್ ವೆಸ್ಲಿ ಪವೆಲ್ 1878ರ ತಮ್ಮ ವರದಿಯಲ್ಲಿ, ಮಳೆ ಕಡಿಮೆಯಿರುವ ಪಶ್ಚಿಮ ಭಾಗದಲ್ಲಿ 160 ಎಕರೆಯಿಂದ ಕುಟುಂಬ ಬದುಕಲಾರದು, ಅಲ್ಲಿ 2,560 ಎಕರೆಯ ಮೇವಿನ ಹಿಡುವಳಿ ಬೇಕು, ನೆರೆಹೊರೆಯವರು ಕೂಡಿ ಗೋಮಾಳವನ್ನು ನಡೆಸಬೇಕು ಎಂದು ಸೂಚಿಸಿದರು. ಅದಕ್ಕೆ ಮನ್ನಣೆ ದೊರೆಯಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಗೋಧಿಯ ಬೆಲೆ ಏರಿತು. ಬಳಿಕ ಟ್ರ್ಯಾಕ್ಟರ್, ತಟ್ಟೆ ನೇಗಿಲುಗಳು ಬಂದವು. 1925ರಿಂದ 1930ರೊಳಗೆ ದಕ್ಷಿಣ ಬಯಲಿನಲ್ಲಿಯೇ ಸುಮಾರು 52 ಲಕ್ಷ ಎಕರೆ ಹುಲ್ಲುನೆಲ ಹೊಸದಾಗಿ ಉಳುಮೆಗೆ ಒಳಗಾಯಿತು. ಅನಂತರ ಬೆಲೆ ಕುಸಿಯಿತು. 1931ರಿಂದ ಬರಗಾಲ ಆವರಿಸಿತು. ಬೆಳೆಯಿಲ್ಲದ, ಕೂಳೆಯಿಲ್ಲದ, ಪುಡಿಪುಡಿಯಾದ ನೆಲ ಗಾಳಿಯ ಪಾಲಾಯಿತು. 1934ರ ಮೇ ತಿಂಗಳ ಧೂಳು ಶಿಕಾಗೊ, ನ್ಯೂಯಾರ್ಕ್‌ಗಳನ್ನು ದಾಟಿ ಅಟ್ಲಾಂಟಿಕ್ ಸಾಗರದ ಹಡಗುಗಳ ಮೇಲೂ ಬಿದ್ದಿತು. 1935ರ ಏಪ್ರಿಲ್ 14ರ ಭಾನುವಾರ ಒಕ್ಲಹೋಮ, ಟೆಕ್ಸಸ್ ಭಾಗಗಳಲ್ಲಿ ಹಗಲೇ ಕತ್ತಲೆ ಕವಿಯಿತು. ಧೂಳು ಕುಡಿದ ಮಕ್ಕಳು, ಮುದುಕರು ಶ್ವಾಸಕೋಶದ ರೋಗದಿಂದ ಸತ್ತರು, ದನಗಳು ಸತ್ತವು, ಸಾವಿರಾರು ಕುಟುಂಬಗಳು ಊರು ಬಿಟ್ಟವು.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಅದೇ ಬರಗಾಲ ಉಳದ ಹುಲ್ಲುಗಾವಲಿನ ಮೇಲೂ ಬಂದಿತ್ತು. ವೀವರ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ವರ್ಷ ವರ್ಷವೂ ದಾಖಲಿಸಿದರು. ಎತ್ತರದ ಹುಲ್ಲುಗಳು ಸತ್ತು ಗಿಡ್ಡ ಹುಲ್ಲುಗಳು ಆ ಜಾಗ ಹಿಡಿದವು. ಮಳೆ ಮರಳಿದ ಮೇಲೆ 1940ರ ದಶಕದಲ್ಲಿ ಹಳೆಯ ಹುಲ್ಲುಗಳೂ ಮೆಲ್ಲನೆ ಚೇತರಿಸಿಕೊಂಡವು. ಬರ ಎರಡೂ ನೆಲಗಳಿಗೆ ಸಮಾನವಾಗಿತ್ತು. ಹಾರಿಹೋದದ್ದು ಮುಖ್ಯವಾಗಿ ಉತ್ತ ಮಣ್ಣು ಮತ್ತು ಅತಿಯಾಗಿ ಮೇಯಿಸಿದ ನೆಲದ ಮಣ್ಣು.

ನೆರೆಹೊರೆಯವರ ಮಂಡಲಿಗಳು

ಹ್ಯೂ ಹ್ಯಾಮಂಡ್ ಬೆನೆಟ್ ಎಂಬ ಮಣ್ಣುವಿಜ್ಞಾನಿ 1928ರಲ್ಲಿಯೇ ಸವಕಳಿಯನ್ನು ರಾಷ್ಟ್ರೀಯ ಗಂಡಾಂತರವೆಂದು ಕರೆದು ಸರಕಾರಿ ಪುಸ್ತಿಕೆಯೊಂದನ್ನು ಹೊರತಂದಿದ್ದರು. ಅದಕ್ಕೆ ಕಿವಿಗೊಡಲು ರಾಜಧಾನಿಯ ಆಕಾಶದಲ್ಲಿಯೂ ಧೂಳು ಕಾಣಬೇಕಾಯಿತು. 1935ರ ಏಪ್ರಿಲ್ 27ರಂದು ಮಣ್ಣು ಸಂರಕ್ಷಣಾ ಕಾಯಿದೆ ಜಾರಿಗೆ ಬಂದು, ಬೆನೆಟ್‌ರ ನೇತೃತ್ವದಲ್ಲಿ ಮಣ್ಣು ಸಂರಕ್ಷಣಾ ಸೇವೆ ಸ್ಥಾಪನೆಯಾಯಿತು. ಸಮಪಾತಳಿ ಉಳುಮೆ, ಪಟ್ಟೆ ಬೇಸಾಯ, ಕೂಳೆ ಉಳಿಸುವಿಕೆ, ಕಡಿದಾದ ಮತ್ತು ಮರಳು ನೆಲವನ್ನು ಹುಲ್ಲಿಗೆ ಬಿಡುವಿಕೆ — ಇವು ಅದರ ಮುಖ್ಯ ಸಲಹೆಗಳು.

ಗಾಳಿ ಒಬ್ಬನ ಬೇಲಿಯ ಬಳಿ ನಿಲ್ಲುವುದಿಲ್ಲ. ಒಬ್ಬ ರೈತ ಎಚ್ಚರ ವಹಿಸಿದರೂ ಪಕ್ಕದ ಹೊಲದ ಮರಳು ಬಂದು ಅವನ ಪೈರನ್ನು ಮುಚ್ಚುತ್ತಿತ್ತು. ಆದ್ದರಿಂದ 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಎಲ್ಲ ರಾಜ್ಯಗಳ ರಾಜ್ಯಪಾಲರಿಗೆ ಪತ್ರ ಬರೆದು, ಸ್ಥಳೀಯರೇ ನಡೆಸುವ ಮಣ್ಣು ಸಂರಕ್ಷಣಾ ಮಂಡಲಿಗಳಿಗೆ ಕಾನೂನು ರೂಪಿಸಲು ಕೋರಿದರು. ಇಂದು ಅಂಥ ಮಂಡಲಿಗಳು ಸುಮಾರು ಮೂರು ಸಾವಿರ ಇವೆ.

ಕೆನಡಾ 1935ರಲ್ಲಿಯೇ ಪ್ರೇರಿ ಬೇಸಾಯ ಪುನರುಜ್ಜೀವನ ಕಾಯಿದೆಯನ್ನು ತಂದಿತು. ಆಲ್ಬರ್ಟಾದ ರೈತ ಚಾರ್ಲ್ಸ್ ನೋಬಲ್ ರೂಪಿಸಿದ ಅಲಗು, ಬಯಲುಸೀಮೆಯ ಕುಂಟೆಯಂತೆಯೇ, ಮಣ್ಣಿನಡಿಯಲ್ಲಿ ಸಾಗಿ ಕಳೆಯ ಬೇರನ್ನು ಕತ್ತರಿಸುತ್ತಿತ್ತು. ಮೇಲಿನ ಕೂಳೆ ನಿಂತಂತೆಯೇ ಇರುತ್ತಿತ್ತು. ಇದಕ್ಕಿಂತ ದೊಡ್ಡ ಕೆಲಸವೆಂದರೆ ಹಾಳಾದ ಹೊಲಗಳನ್ನು ಸರಕಾರ ವಹಿಸಿಕೊಂಡು, ಬೇಲಿ ಹಾಕಿ, ಹುಲ್ಲು ಬಿತ್ತಿ, ಸಾಮೂಹಿಕ ಗೋಮಾಳಗಳನ್ನಾಗಿ ಮಾಡಿದುದು. ರೈತರು ದನದ ತಲೆಗಿಷ್ಟೆಂದು ಶುಲ್ಕ ತೆತ್ತು ಮೇಯಿಸುತ್ತಿದ್ದರು. ಎಷ್ಟು ದನ, ಎಷ್ಟು ದಿನ ಎಂಬುದನ್ನು ಹುಲ್ಲಿನ ಸ್ಥಿತಿ ನೋಡಿ ತೀರ್ಮಾನಿಸಲಾಗುತ್ತಿತ್ತು. 2012ರಲ್ಲಿ ಕೇಂದ್ರ ಸರಕಾರ ಇವುಗಳಿಂದ ಹಿಂದೆ ಸರಿಯಲು ನಿರ್ಧರಿಸಿತು. ನೆಲ ಪ್ರಾಂತಗಳಿಗೆ ಮರಳಿತು. ಅನೇಕ ಕಡೆ ಬಳಕೆದಾರ ರೈತರ ಕೂಟಗಳೇ ಗೇಣಿಗೆ ಪಡೆದು ನಡೆಸುತ್ತಿವೆ.

ಮೇವಿನ ಲೆಕ್ಕ

ಹುಲ್ಲುಗಾವಲನ್ನು ಓದುವ ಶಾಸ್ತ್ರವೂ ಈ ಕಾಲದಲ್ಲಿಯೇ ಬೆಳೆಯಿತು. 1949ರಲ್ಲಿ ಡಿಕ್‌ಸ್ಟರ್‌ಹ್ಯೂಸ್ ಎಂಬ ವಿಜ್ಞಾನಿ ಮೇವಿನ ಒತ್ತಡಕ್ಕೆ ತಕ್ಕಂತೆ ಸಸ್ಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ದನ ಮೊದಲು ಹುಡುಕಿ ತಿನ್ನುವ, ಆದ್ದರಿಂದ ಕುಗ್ಗುವ ಹುಲ್ಲು. ಅದು ಬಿಟ್ಟ ಜಾಗದಲ್ಲಿ ಹಿಗ್ಗುವ ಹುಲ್ಲು. ಎರಡೂ ಸೋತಾಗ ಹೊರಗಿನಿಂದ ನುಗ್ಗುವ ಕಳೆ. ಯಾವುದು ಎಷ್ಟಿದೆ ಎಂದು ನೋಡಿದರೆ ಆ ನೆಲದ ಆರೋಗ್ಯ ತಿಳಿಯುತ್ತದೆ. ಇದಕ್ಕೆ ಯಂತ್ರ ಬೇಡ. ಹುಲ್ಲಿನ ಹೆಸರು ಬಲ್ಲ ಕಣ್ಣು ಸಾಕು.

1955ರಲ್ಲಿ ಫ್ರಾಂಕ್ಲಿನ್ ಕ್ರೈಡರ್ ಪ್ರಕಟಿಸಿದ ಪ್ರಯೋಗಗಳು ಮತ್ತೊಂದು ಲೆಕ್ಕ ಕೊಟ್ಟವು. ಹುಲ್ಲಿನ ಅರ್ಧದಷ್ಟು ಎಲೆ ತೆಗೆದರೆ ಬೇರಿನ ಬೆಳವಣಿಗೆ ಹೆಚ್ಚು ಕುಂದುವುದಿಲ್ಲ. ಅದನ್ನು ಮೀರಿದರೆ ಬೇಗನೆ ಕುಂದುತ್ತದೆ. ಶೇಕಡಾ 80ರಷ್ಟು ತೆಗೆದರೆ ಕೆಲವು ದಿನ ಸಂಪೂರ್ಣ ನಿಂತೇ ಹೋಗುತ್ತದೆ. ಅರ್ಧ ಮೇಯಿಸು, ಅರ್ಧ ಉಳಿಸು ಎಂಬ ಅಲ್ಲಿನ ದನಗಾರರ ನಿಯಮಕ್ಕೆ ಇದು ಆಧಾರವಾಯಿತು.

ಹಸಿರೆಲ್ಲ ಒಂದೇ ಅಲ್ಲ

ಸದುದ್ದೇಶದ ಕೆಲಸಗಳೂ ದೋಷರಹಿತವಾಗಿರಲಿಲ್ಲ. ನಾಡಹುಲ್ಲಿನ ಬೀಜ ದೊರೆಯದ ಕಾರಣ ಉತ್ತರ ಭಾಗದಲ್ಲಿ ರಷ್ಯಾ ಮೂಲದ ಕ್ರೆಸ್ಟೆಡ್ ವೀಟ್‌ಗ್ರಾಸ್ ಎಂಬ ಹುಲ್ಲನ್ನು ವಿಸ್ತಾರವಾಗಿ ಬಿತ್ತಲಾಯಿತು. ಅದು ಧೂಳನ್ನು ತಡೆಯಿತು. ಆದರೆ ದಶಕಗಳು ಕಳೆದರೂ ಅಲ್ಲಿ ಬೇರೆ ಹುಲ್ಲು ಹುಟ್ಟಲು ಅದು ಬಿಡಲಿಲ್ಲ.

1934ರಿಂದ 1942ರವರೆಗೆ ಉತ್ತರ ಡಕೋಟದಿಂದ ಟೆಕ್ಸಸ್‌ವರೆಗೆ ಸುಮಾರು 22 ಕೋಟಿ ಗಿಡಗಳ ಗಾಳಿತಡೆ ಸಾಲುಗಳನ್ನು ನೆಡಲಾಯಿತು. ಹೊಲಮನೆಗಳಿಗೆ ಇವು ನಿಜವಾದ ಆಸರೆಯಾದವು. ಆದರೆ ನೆಟ್ಟ ಮರಗಳಲ್ಲಿ ಒಂದಾದ ಕೆಂಪು ಸೀಡರ್, ಬೆಂಕಿ ನಿಲ್ಲಿಸಿದ ಬಯಲುಗಳಲ್ಲಿ ತಾನೇ ಹಬ್ಬಿ ಹುಲ್ಲನ್ನು ನೆರಳಿನಲ್ಲಿ ಕೊಂದಿತು. ಇಂದು ನೆಬ್ರಾಸ್ಕ, ಒಕ್ಲಹೋಮಗಳಲ್ಲಿ ರೈತರು ಸಂಘ ಕಟ್ಟಿಕೊಂಡು, ಗಾಳಿಯ ದಿಕ್ಕು ನೋಡಿ ಬೆಂಕಿಯಿಟ್ಟು ಅದನ್ನು ತಡೆಯುತ್ತಿದ್ದಾರೆ. ಹುಲ್ಲುಗಾವಲಿನಲ್ಲಿ ಮರ ನೆಡುವುದು ಯಾವಾಗಲೂ ಸಂರಕ್ಷಣೆಯಲ್ಲ ಎಂಬುದು ಇದರ ಪಾಠ.

ಬೆಲೆ ಏರಿದಾಗ

ಎರಡನೆಯ ಮಹಾಯುದ್ಧದಲ್ಲಿ ಮಳೆಯೂ ಬಂದಿತು, ಬೆಲೆಯೂ ಏರಿತು. ದಕ್ಷಿಣ ಬಯಲಿನ ಮಣ್ಣುವಿಜ್ಞಾನಿ ಫಿನ್ನೆಲ್ ಮತ್ತೆ ಮತ್ತೆ ಎಚ್ಚರಿಸಿದರೂ ಹುಲ್ಲುನೆಲ ಪುನಃ ಉಳುಮೆಗೆ ಒಳಗಾಯಿತು. 1950ರ ದಶಕದ ಬರದಲ್ಲಿ ಧೂಳು ಪುನಃ ಎದ್ದಿತು. 1956ರಲ್ಲಿ ನೆಲವನ್ನು ಬೀಳು ಬಿಡುವವರಿಗೆ ಹಣ ಕೊಡುವ ಯೋಜನೆ ಬಂದಿತು. ಅದರ ಕರಾರು ಮುಗಿದ ಮೇಲೆ, 1972ರಲ್ಲಿ ರಷ್ಯಾಕ್ಕೆ ಗೋಧಿ ಮಾರಾಟವಾಗಿ ಬೆಲೆ ಏರಿದೊಡನೆ, ಬೇಲಿಯಿಂದ ಬೇಲಿಯವರೆಗೆ ಉಳಲು ಸರಕಾರವೇ ಹುರಿದುಂಬಿಸಿತು. ಗಾಳಿತಡೆ ಸಾಲುಗಳನ್ನೂ ಎಷ್ಟೋ ಕಡೆ ಕಿತ್ತುಹಾಕಲಾಯಿತು. 1985ರ ಕಾಯಿದೆ ಹತ್ತು ಹದಿನೈದು ವರ್ಷಗಳ ಕರಾರಿನ ಮೇಲೆ ನೆಲವನ್ನು ಹುಲ್ಲಿಗೆ ಬಿಡಿಸಿತು. 2007ರಲ್ಲಿ ಅಂಥ ನೆಲ 3.67 ಕೋಟಿ ಎಕರೆ ಇದ್ದಿತು. ಮೆಕ್ಕೆಜೋಳದ ಬೆಲೆ ಏರಿದ ಮೇಲೆ 2020ರ ಹೊತ್ತಿಗೆ ಅದು ಸುಮಾರು 2.2 ಕೋಟಿಗೆ ಇಳಿಯಿತು. ಕೊಂಡ ಸಂರಕ್ಷಣೆ ಹಣ ಇರುವಷ್ಟು ದಿನ ಮಾತ್ರ ನಿಲ್ಲುತ್ತದೆ.

ಹೊಲದೊಳಗೇ ಹುಲ್ಲಿಗೆ ಜಾಗ ಕೊಡುವ ದಾರಿಯನ್ನು ಅಯೋವ ರಾಜ್ಯದಲ್ಲಿ 2007ರಿಂದ ನಡೆದ ಪ್ರಯೋಗ ತೋರಿಸಿತು. ಇಳಿಜಾರಿನ ಹೊಲದ ಹತ್ತನೆಯ ಒಂದು ಭಾಗದಲ್ಲಿ ಮಾತ್ರ ಪ್ರೇರಿ ಹುಲ್ಲಿನ ಪಟ್ಟೆಗಳನ್ನು ಬೆಳೆಸಿದಾಗ, ಕೊಚ್ಚಿಹೋಗುವ ಮಣ್ಣು ಶೇಕಡಾ 95ರಷ್ಟು ತಗ್ಗಿತು. ಇಲ್ಲಿ ಮಣ್ಣನ್ನು ಒಯ್ಯುತ್ತಿದ್ದುದು ಗಾಳಿಯಲ್ಲ, ಮಳೆನೀರು ಎಂಬುದನ್ನು ಗುಡ್ಡದ ರೈತರು ಗಮನಿಸಬೇಕು.

ಎತ್ತರದ ಹುಲ್ಲಿನ ಪ್ರೇರಿಯಲ್ಲಿ ಇಂದು ಉಳಿದಿರುವುದು ಶೇಕಡಾ 4ಕ್ಕೂ ಕಡಿಮೆ. ಅದರಲ್ಲಿ ಬಹುಪಾಲು ಕಾನ್ಸಾಸ್‌ನ ಫ್ಲಿಂಟ್ ಬೆಟ್ಟಗಳಲ್ಲಿದೆ. ಅಲ್ಲಿ ಅದನ್ನು ಮೊದಲು ಉಳಿಸಿದ್ದು ಕಾನೂನಲ್ಲ, ನೇಗಿಲಿಗೆ ಬಗ್ಗದ ಕಲ್ಲು. ಆಮೇಲೆ ಉಳಿಸಿಕೊಂಡು ಬಂದವರು ಹುಲ್ಲನ್ನೇ ಬೆಳೆಯೆಂದು ಬಗೆದು, ಮೇಯಿಸಿ, ಸುಟ್ಟು, ಬಿಡುವು ಕೊಟ್ಟ ದನಗಾರರು.

ಆದ್ದರಿಂದ ವಿದ್ಯಾರ್ಥಿ ಮಿತ್ರರು ಯಾವುದೇ ಹುಲ್ಲಿನ ನೆಲವನ್ನು ಪಾಳು ಎಂದು ಕರೆದ ಕಡತವನ್ನು ಕಂಡಾಗ ಮೂರು ಪ್ರಶ್ನೆಗಳನ್ನು ಕೇಳಲಿ. ಅದರ ಬೇರು ಎಷ್ಟು ಆಳಕ್ಕಿದೆ? ಅದನ್ನು ಇಷ್ಟು ಕಾಲ ನೋಡಿಕೊಂಡವರು ಯಾರು? ಬೆಲೆ ಏರಿದ ದಿನ ಅದನ್ನು ಕಾಯುವವರು ಯಾರು? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಯೋಜನೆಗಳು ಪ್ರೇರಿಯಲ್ಲಿ ಒಂದಾದ ಮೇಲೊಂದರಂತೆ ಸೋತಿವೆ.